ಹಾಸಿನ ಆ ತುದಿ

ಕಿಚ್ ಕಿಚ್ ಕಿಚ್, ನಿಂತಿತು, ಯಾಕೆ ನಿಂತಿತು, ಎದ್ದಳಾ, ಇಲ್ಲ, ಮತ್ತೆ ಶುರು, ಕಿಚ್ ಕಿಚ್, ಬಾಗಿಲಾಚೆ ಮೆಟ್ಟಿಲ ಮೇಲೆ ಕೂತು ಸೊಸೆ ಕಲೈಸೆಲ್ವಿ ಬನಿಯನ್ನುಗಳ ಪಿಸಿರು ಕತ್ತರಿಸುತ್ತಿದ್ದಾಳೆ, ಹೊಲಿಗೆ ಮುಗಿದ ಮೇಲೆ ಅಂಚಿನಲ್ಲಿ ನೇತಾಡುವ ದಾರದ ತುಣುಕಿಗೆ ಈ ತಿರುಪ್ಪೂರಿನಲ್ಲಿ ಅದೇ ಹೆಸರು, ನಾಲ್ಕು ಗಂಟೆಗೆ ಕಂಪನಿಯ ವ್ಯಾನು ಬರುತ್ತದೆ, ಅಷ್ಟರೊಳಗೆ ಎರಡು ಕಟ್ಟು ಮುಗಿಸಬೇಕು, ಹಾಗಾಗಿ ಸುಮ್ಮಸುಮ್ಮನೆ ಎದ್ದು ಒಳಗೆ ಬರುವವಳಲ್ಲ, ಕತ್ತರಿಯ ಸದ್ದು ಇರುವವರೆಗೆ ಈ ಕೋಣೆ ನನ್ನದು. ಮಂಚದ ಕೆಳಗೆ ತಟ್ಟೆ ಇದೆ, ಮೇಲೊಂದು ತಟ್ಟೆ ಕವುಚಿದ್ದೇನೆ, ಅನ್ನ, ಹುರುಳಿ ಸಾರು, ಬೀನ್ಸ್ ಪಲ್ಯ, ಒಂದು ಅಗುಳೂ ಮುಟ್ಟಿಲ್ಲ, ಊಟದ ಜೊತೆ ನುಂಗಬೇಕಾದ ಎರಡು ಮಾತ್ರೆ ದಿಂಬಿನ ಅಡಿಯಲ್ಲಿವೆ, ಆದರೆ ಸೂಜಿ ಮಾತ್ರ ಆಗಿಹೋಗಿದೆ, ಹನ್ನೆರಡೂವರೆಗೆ ಅವಳೇ ಬಂದು ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಇನ್ಸುಲಿನ್ ಹಾಕಿ ಹೋದಳು, ಸ್ವಲ್ಪ ಹೊತ್ತಿನ ಮೇಲೆ ಹೊರಗಿನಿಂದಲೇ ಮಾಮಾ ಸಾಪ್ಟೀಂಗಳಾ, ಊಟ ಆಯ್ತಾ ಮಾವ ಅಂತ ತಮಿಳಿನಲ್ಲಿ ಕೂಗಿದಳು, ಆಯ್ತಮ್ಮ ಅಂದೆ, ನಾನೂ ತಮಿಳಿನಲ್ಲೇ. ಅರವತ್ತೊಂದು ವರ್ಷದ ಗೋವಿಂದಸಾಮಿ ಹೊತ್ತೇರಿದ ಮಧ್ಯಾಹ್ನ ಸೊಸೆಗೆ ಸುಳ್ಳು ಹೇಳಿ ತಟ್ಟೆ ಬಚ್ಚಿಡುತ್ತಾನೆ, ನಾಚಿಕೆಯಾಗಬೇಕು, ಆಗುತ್ತಿದೆ ಕೂಡ, ಆದರೂ ಎದ್ದು ತಟ್ಟೆ ಎಳೆದುಕೊಳ್ಳಲು ಕೈ ಬರುತ್ತಿಲ್ಲ. ಸಾಯುವ ಆಸೆ ಏನಿಲ್ಲ, ಅದನ್ನು ನನಗೆ ನಾನೇ ಹೇಳಿಕೊಳ್ಳಬೇಕು, ಸಾಯುವುದಾಗಿದ್ದರೆ ಕೋಯಮತ್ತೂರಿನ ಆಸ್ಪತ್ರೆಯಲ್ಲೇ ಸಾಯಬಹುದಿತ್ತು, ಅಷ್ಟೊಂದು ಜನರನ್ನು ದಣಿಸದೆ, ನನಗೆ ಬೇಕಾಗಿರುವುದು ಇಷ್ಟೇ, ಸಕ್ಕರೆ ಅರವತ್ತಕ್ಕೆ ಇಳಿದರೆ ಪಾಪಾತಿ ಬರುತ್ತಾಳೆ, ನನ್ನ ಹೆಂಡತಿ ಪಾಪಾತಿ, ತೀರಿಹೋಗಿ ನಾಲ್ಕು ವರ್ಷವಾಯಿತು, ಅರವತ್ತಕ್ಕೆ ಬಂದು ಕನ್ನಡದಲ್ಲಿ ಮಾತಾಡುತ್ತಾಳೆ, ಅವಳು ಹೇಳುವ ಎರಡನೇ ಮಾತು ಬಾಯಿಂದ ಹೊರಡುವುದರೊಳಗೆ ಸೊಸೆ ಸಕ್ಕರೆ ನೀರು ತಂದು ನನ್ನ ಬಾಯಿಗೆ ಹೊಯ್ಯುತ್ತಾಳೆ, ಪ್ರತಿ ಸಲವೂ ಹಾಗೇ ಆಗಿದೆ. ಇವತ್ತು ಆ ಎರಡನೇ ಮಾತು ಕೇಳಬೇಕು.

ಗಂಟೆ ಎಷ್ಟು, ಒಂದೂ ಐದು, ಇನ್ನೂ ಬೆವರಿಲ್ಲ, ಕೈ ನೆಟ್ಟಗಿದೆ. ಬೆನ್ನೂ ನೆಟ್ಟಗಿದೆ, ಅದೊಂದು ಈಗಲೂ ಸೋಜಿಗ, ಹದಿನೈದು ವರ್ಷ ಈ ಬೆನ್ನು ನೆಟ್ಟಗೆ ನಿಂತಿರಲಿಲ್ಲ, ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ ಬೆನ್ನಿಗೆ ಇರಿಯುವ ನೋವು, ಮಲಗಿದರೆ ಹೆಚ್ಚು, ಮುಂದಕ್ಕೆ ಬಗ್ಗಿದರೆ ಕಡಿಮೆ, ಮಗ್ಗದ ಗುಂಡಿಗೆ ಕಾಲಿಳಿಸಿ ಹಾಸಿನ ಮೇಲೆ ಬಗ್ಗಿ ಕೂತರೆ ಇಲ್ಲವೇ ಇಲ್ಲ, ಬೇರೆ ಯಾವ ಕಸುಬಿನವನಾದರೂ ಕೆಲಸ ಮಾಡಲಾಗದೆ ಆಸ್ಪತ್ರೆಗೆ ಓಡುತ್ತಿದ್ದ, ನಾನು ನೋವು ಬಂದಾಗಲೆಲ್ಲ ಮಗ್ಗಕ್ಕೆ ಓಡಿದೆ, ಲಾಳಿ ಆ ಕಡೆ ಈ ಕಡೆ ಹೋದಂತೆ ನೋವು ಇಳಿಯುತ್ತಿತ್ತು, ನೋವು ಇಳಿದಂತೆ ಸೀರೆ ಏರುತ್ತಿತ್ತು, ಕಿಣತ್ತುಕಡವಿನಿಂದ ಒಳಕ್ಕೆ ನಾಲ್ಕು ಮೈಲಿ, ಮನೆಯೊಳಗೆ ಕನ್ನಡ ಆಡುವ ನಮ್ಮ ನೇಕಾರರ ಬೀದಿ, ಅಲ್ಲಿ ನನ್ನಷ್ಟು ನೇಯ್ದವರು ಯಾರೂ ಇರಲಿಲ್ಲ, ಸೊಸೈಟಿಯವರು ಸಭೆ ಕರೆದು ನನಗೊಂದು ಶಾಲು ಹೊದಿಸಿದರು, ನೋವಿಗೆ ಹೊದಿಸಿದ ಶಾಲು ಅದು, ಯಾರಿಗೆ ಗೊತ್ತಿತ್ತು. ವಾಯು, ವಾಯು ಅಂತ ಪಾಪಾತಿ ಶುಂಠಿ ಜಜ್ಜಿ ಕೊಟ್ಟಳು, ಹೊಟ್ಟೆ ಖಾಲಿ ಬಿಟ್ರೆ ಇನ್ನೇನಾಗುತ್ತೆ, ಎದ್ದು ಎರಡು ತುತ್ತು ಉಣ್ಣಿ, ಮಗ್ಗ ಎಲ್ಲೂ ಓಡಿಹೋಗಲ್ಲ. ಅವಳು ತೀರಿಕೊಂಡ ದಿನವೂ ನನಗೆ ಅದೇ ನೋವು, ಪೊಳ್ಳಾಚಿ ಆಸ್ಪತ್ರೆಯಲ್ಲಿ ಅವಳು ಮಲಗಿದ್ದಳು, ಮಗ್ಗವಿಲ್ಲದ ಜಾಗ, ಬಗ್ಗಿ ಕೂರಲು ಸ್ಥಳವಿಲ್ಲ, ಒಂದು ಸೋಡಾ ಕುಡಿದು ಬರುತ್ತೇನೆ ಅಂತ ಗೇಟಿನಾಚೆ ಹೋದೆ, ಹತ್ತೇ ನಿಮಿಷ, ಬಂದು ನೋಡಿದರೆ ಹಾಸಿಗೆಯ ಸುತ್ತ ಪರದೆ ಎಳೆದಿದ್ದರು, ಪಕ್ಕದ ಹಾಸಿಗೆಯ ಹೆಂಗಸು ಹೇಳಿದಳು, ಅಯ್ಯಾ, ಅಮ್ಮ ಏನೋ ಕೂಗಿದರು, ಎರಡು ಸಲ ಕೂಗಿದರು, ತೆಲುಗೋ ಏನೋ, ನಮಗೆ ತಿಳಿಯಲಿಲ್ಲ. ತೆಲುಗಲ್ಲಮ್ಮ, ಕನ್ನಡ ಅಂದೆ. ಆ ಹೊತ್ತಿನಲ್ಲಿ ನನಗೆ ಹೇಳಲು ಹೊಳೆದದ್ದು ಅದೊಂದೇ.

ಆಮೇಲೆ ಮಗ್ಗಕ್ಕೆ ಬಗ್ಗಿದರೂ ನೋವು ಹೋಗಲಿಲ್ಲ, ಹೋದ ವರ್ಷ ಕಣ್ಣು ಹಳದಿಯಾಯಿತು, ಮಗ ನವನೀತನ್ ಕೋಯಮತ್ತೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ, ಅಲ್ಲಿಯ ಡಾಕ್ಟರು ನನ್ನ ಮಗನಿಗಿಂತ ಚಿಕ್ಕವನು, ಸ್ಕ್ಯಾನಿನ ಕವರ್ ಹಿಂದೆ ಪೆನ್ನಿನಲ್ಲಿ ಬರೆದು ತೋರಿಸಿದ, ಅಯ್ಯಾ, ಜಠರದ ಹಿಂದೆ, ಬೆನ್ನಿಗೆ ಒರಗಿಕೊಂಡು, ಒಂದು ಗೇಣು ಉದ್ದ, ಇದು ತಲೆ, ಇದು ಮೈ, ಇದು ಬಾಲ, ತಮಿಳಿನಲ್ಲಿ ಕಣೈಯಂ, ಇಂಗ್ಲಿಷಿನಲ್ಲಿ ಪ್ಯಾಂಕ್ರಿಯಾಸ್, ತಲೆಯಿಂದ ಬಾಲದವರೆಗೆ ಕಲ್ಲು, ಕಲ್ಲಿನ ಜೊತೆ ಗಂಟು, ಅರ್ಧ ಇಟ್ಟು ಅರ್ಧ ತೆಗೆಯಲು ಬರುವುದಿಲ್ಲ, ಪೂರ್ತಿ ತೆಗೆಯಬೇಕು. ನಮ್ಮ ಮನೆಯ ಕನ್ನಡದಲ್ಲಿ ಅದಕ್ಕೆ ಏನು ಹೆಸರು ಅಂತ ಯೋಚಿಸಿದೆ, ಕರುಳಿಗಿದೆ, ಲಿವರಿಗೆ ಈಲಿ ಅಂತ ಇದೆ, ಇದಕ್ಕೆ ಇಲ್ಲ, ಅರವತ್ತು ವರ್ಷ ಹೆಸರಿಲ್ಲದೆ ಒಳಗೆ ಹಲ್ಲಿಯಂತೆ ಅಂಟಿಕೊಂಡು ಬಾಳಿತು, ಹೆಸರು ಗೊತ್ತಾದ ವಾರಕ್ಕೆ ಹೊರಗೆ ಹೋಯಿತು. ಅದೊಂದೇ ಹೋಗಲಿಲ್ಲ, ರಸ್ತೆ ಅಗಲ ಮಾಡುವಾಗ ಅಕ್ಕಪಕ್ಕದ ಮನೆಯನ್ನೂ ಒಡೆಯುವ ಹಾಗೆ ಪಿತ್ತಕೋಶ ಹೋಯಿತು, ಗುಲ್ಮ ಹೋಯಿತು, ಸಣ್ಣಕರುಳಿನ ಒಂದು ಗೇಣು ಹೋಯಿತು, ಎಂಟು ಗಂಟೆ ಹೊತ್ತು, ಎಚ್ಚರವಾದಾಗ ಮೂಗಿನಲ್ಲೊಂದು ನಳಿಗೆ, ಕುತ್ತಿಗೆಯಲ್ಲೊಂದು, ಹೊಟ್ಟೆಯ ಎರಡೂ ಪಕ್ಕ ಒಂದೊಂದು, ಕೆಳಗೊಂದು, ಕೆಮ್ಮಬೇಕಾದರೆ ದಿಂಬನ್ನು ಹೊಟ್ಟೆಗೆ ಅವುಚಿಕೊಂಡು ಕೆಮ್ಮಿ ಅಂತ ನರ್ಸ್ ತೆನ್ಮೊಳಿ ಹೇಳಿಕೊಟ್ಟಳು, ಮೂರು ಗುಂಡಿನ ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಉಸಿರೆಳೆದು ಗುಂಡು ಮೇಲೇರಿಸಿ ಅಂದಳು, ಮೂರನೇ ದಿನ ಸಲೈನ್ ಸ್ಟ್ಯಾಂಡ್ ಹಿಡಿಸಿ ನಡೆಸಿದಳು, ಐದನೇ ದಿನ ಒಂದು ಮುಚ್ಚಳ ನೀರು. ಡಾಕ್ಟರು ಬಂದು ಹೇಳಿದ, ಇನ್ನು ಮೇಲೆ ಹೀಗೇ ಅಯ್ಯಾ, ಸಕ್ಕರೆಯನ್ನು ಹಿಡಿದಿಡುವ ಯಂತ್ರ ನಿಮ್ಮೊಳಗಿಲ್ಲ, ಏರಿಸಲೂ ಇಲ್ಲ, ಇಳಿಸಲೂ ಇಲ್ಲ, ದಿನಕ್ಕೆ ನಾಲ್ಕು ಸೂಜಿ, ಸ್ವಲ್ಪಸ್ವಲ್ಪವಾಗಿ ಆರು ಸಲ ಊಟ, ಊಟದ ನಡುನಡುವೆ ಈ ಮಾತ್ರೆ, ಮಾತ್ರೆ ತಪ್ಪಿಸಿದರೆ ತಿಂದದ್ದು ತಿಂದ ಹಾಗೇ ಎಣ್ಣೆ ತೇಲಿಕೊಂಡು ಹೊರಗೆ ಹೋಗುತ್ತದೆ, ಸೂಜಿ ಹಾಕಿಕೊಂಡು ಊಟ ಬಿಟ್ಟರೆ ಸಕ್ಕರೆ ಇಳಿದು ತಲೆ ತಪ್ಪುತ್ತದೆ, ಒಬ್ಬರೇ ಇರಕೂಡದು. ಮಾತ್ರೆ ಹಂದಿಯದಂತೆ, ಹಂದಿಯ ಅದೇ ಅಂಗದ ಪುಡಿ, ಮೊಟ್ಟೆಯನ್ನೂ ಒಳಗೆ ಬಿಡದ ಪಾಪಾತಿ ಇದ್ದಿದ್ದರೆ ಮಾತ್ರೆಯ ಡಬ್ಬಿಯನ್ನು ಬಚ್ಚಲಮನೆಯ ಗೂಡಿನಲ್ಲಿ ಇಡುತ್ತಿದ್ದಳು, ಆದರೂ ಹೊತ್ತುಹೊತ್ತಿಗೆ ಎಣಿಸಿ ಕೊಡುತ್ತಿದ್ದಳು. ಒಬ್ಬರೇ ಇರಕೂಡದು ಅಂದದ್ದಕ್ಕೆ ಬೀದಿ ಬಿಟ್ಟು, ಮಗ್ಗ ಬಿಟ್ಟು, ತಿರುಪ್ಪೂರಿನಲ್ಲಿ ಮಗ ಇರುವ ಈ ಲೈನ್ ಮನೆಗೆ, ಸಾಲುಮನೆಗಳಲ್ಲೊಂದಕ್ಕೆ, ಬಂದೆ.

ಕಿಚ್ ಕಿಚ್, ಇದೆ, ಸದ್ದು ಇದೆ, ಒಂದೂ ಹದಿನೆಂಟು, ಹೊಟ್ಟೆ ಹಸಿಯತೊಡಗಿದೆ, ಒಳ್ಳೆಯದು. ಕನ್ನಡದ ವಿಷಯ ತೆನ್ಮೊಳಿಯಿಂದಲೇ ಶುರುವಾದದ್ದು, ಆರನೇ ದಿನವೋ ಏಳನೇ ದಿನವೋ ವಾರ್ಡಿನಲ್ಲಿ ನಾನು ಇದ್ದಕ್ಕಿದ್ದಂತೆ ಕನ್ನಡದಲ್ಲಿ ಮಾತಾಡತೊಡಗಿದೆನಂತೆ, ಅವಳು ಮಲಯಾಳಂ ಅಂದುಕೊಂಡು ಕೇರಳದ ಇನ್ನೊಬ್ಬ ನರ್ಸನ್ನು ಕರೆದಳಂತೆ, ಅಷ್ಟರಲ್ಲಿ ನವನೀತನ್ ಬಂದು ಅದು ನಮ್ಮ ಮನೆಯ ಮಾತು ಅಂದನಂತೆ, ಬೆರಳು ಚುಚ್ಚಿ ನೋಡಿದರೆ ನಲವತ್ತೆಂಟು. ಮತ್ತೆ ಎರಡು ಸಲ ಹಾಗೇ ಆಯಿತು, ಬಾಯಲ್ಲಿ ಕನ್ನಡ ಬಂತು, ಮೀಟರಿನಲ್ಲಿ ಐವತ್ತೈದು ಬಂತು, ತೆನ್ಮೊಳಿ ಬುದ್ಧಿವಂತೆ, ಮನೆಗೆ ಕಳಿಸುವ ದಿನ ಚೀಟಿಯ ಕೆಳಗೆ ದಪ್ಪಕ್ಷರದಲ್ಲಿ ಬರೆದುಕೊಟ್ಟಳು, ಅಯ್ಯಾ ಬೇರೆ ಭಾಷೆ ಮಾತಾಡಿದರೆ ತಕ್ಷಣ ಸಕ್ಕರೆ ಕೊಡಿ. ಕಲೈಸೆಲ್ವಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ, ಈಗಲೂ ಇದೆ, ಟೊಮೇಟೊ ಚಿತ್ರದ ಸ್ಟಿಕರಿನ ಪಕ್ಕ. ಅವಳು ಧಾರಾಪುರಂನ ತಮಿಳರ ಮನೆಯ ಹುಡುಗಿ, ನವನೀತನ್ ಇಷ್ಟಪಟ್ಟು ತಂದವಳು, ಅವಳದೇನು ತಪ್ಪು, ನವನೀತನ್ ಬೆಳಗ್ಗೆ ಎಂಟಕ್ಕೆ ಹೋದವನು ಒಂದೂವರೆ ಶಿಫ್ಟ್ ಮುಗಿಸಿ ಬಂದು ಅನ್ನದ ಮುಂದೆಯೇ ತೂಕಡಿಸುತ್ತಾನೆ, ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಾನೆ, ಬೇಕಂತಲೇ ಅಲ್ಲ, ಅವನಿಗೇ ಗೊತ್ತಾಗುವುದಿಲ್ಲ. ಒಂದು ದಿನ ಊರಿನಿಂದ ಕುಪ್ಪಸಾಮಿ ಫೋನ್ ಮಾಡಿದ, ನನ್ನ ಜೊತೆ ನೇಯ್ದವನು, ಏನಪ್ಪಾ ಗೋವಿಂದಸಾಮಿ, ಹೊಟ್ಟೆಯೊಳಗೆ ಎಲ್ಲಾ ಖಾಲಿ ಮಾಡ್ಸಿಟ್ಟೆಯಂತೆ, ಬಾಡಿಗೆಗೆ ಬಿಡ್ತೀಯಾ ಅಂದ, ನಾನು ಹೊಲಿಗೆ ನೋಯುವಷ್ಟು ನಕ್ಕೆ, ಗಟ್ಟಿಯಾಗಿ ಮಾತಾಡಿದೆ, ಕಲೈಸೆಲ್ವಿ ಓಡಿಬಂದಳು, ಒಂದು ಕೈಯಲ್ಲಿ ಗ್ಲೂಕೋಸ್ ಕದಡಿದ ಲೋಟ, ಇಲ್ಲಮ್ಮ ನನಗೇನೂ ಆಗಿಲ್ಲ ಅಂತ ನಾನು ಹೇಳಿದ್ದೂ ಆ ಗಾಬರಿಯಲ್ಲಿ ಕನ್ನಡದಲ್ಲೇ, ಬಾಯಿಗೆ ಹಿಡಿದೇ ಬಿಟ್ಟಳು, ಪೂರ್ತಿ ಕುಡಿಸಿದಳು, ಅತ್ತ ಕಡೆ ಕುಪ್ಪಸಾಮಿ ಹಲೋ ಹಲೋ ಅಂತಿದ್ದಾನೆ, ಆಮೇಲೆ ಚುಚ್ಚಿ ನೋಡಿದರೆ ನಾನೂರ ಹನ್ನೆರಡು, ಸಾಯಂಕಾಲದವರೆಗೂ ನೀರು ಕುಡಿದೆ, ಬಚ್ಚಲಿಗೆ ಓಡಿದೆ, ಅವಳು ಬಾಗಿಲ ಬಳಿ ನಿಂತು ಅತ್ತಳು. ಅವತ್ತಿನಿಂದ ನಾನು ಕನ್ನಡ ಬಿಟ್ಟೆ. ಪಾಪ, ಆ ಹುಡುಗಿ ಎಷ್ಟು ಸಲ ಓಡಿ ಬರಬೇಕು, ಕುಪ್ಪಸಾಮಿಯ ಫೋನನ್ನೂ ಎತ್ತುವುದಿಲ್ಲ, ಈ ಮನೆಯಲ್ಲಿ ನನ್ನ ಮಾತು ಒಂದು ಕಾಯಿಲೆಯ ಗುರುತು, ಆಡಿದರೆ ಉತ್ತರ ಬರುವುದಿಲ್ಲ, ಸಕ್ಕರೆ ಬರುತ್ತದೆ. ನನಗೆ ಒಂಟಿ ಅನ್ನಿಸುತ್ತದೆ, ಜನ ಇದ್ದಾರೆ, ಹೊತ್ತಿಗೆ ಸರಿಯಾಗಿ ಅನ್ನ ಹಾಕುತ್ತಾರೆ, ಆದರೂ ಒಂಟಿ.

ಕಿಚ್. ನಲವತ್ತು ವರ್ಷ ನಾನು ಎಳೆ ಕೂಡಿಸಿದೆ, ಅವಳು ಎಳೆ ಕತ್ತರಿಸುತ್ತಾಳೆ, ಇರಲಿ, ಎರಡೂ ಬಟ್ಟೆಯ ಕೆಲಸವೇ. ಬೆರಳ ತುದಿ ಸಣ್ಣಗೆ ನಡುಗುತ್ತಿದೆ, ಕುತ್ತಿಗೆಯ ಹಿಂದೆ ತಣ್ಣಗೆ, ಬರುತ್ತಿದೆ. ಬೆಳಗಿನ ಜಾವ ನಮ್ಮ ಬೀದಿಯಲ್ಲಿ ಹಾಸು ಹಾಕುತ್ತಿದ್ದೆವು, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಸಾವಿರಾರು ಎಳೆ, ಕವೆಗೋಲುಗಳ ಮೇಲೆ ಬಿಗಿದು, ಗಂಜಿ ಸವರಿ, ಬಿಸಿಲು ಏರುವ ಮೊದಲು ಆರಿಸಿ ಸುತ್ತಬೇಕು, ಈ ಕಡೆಯ ಕೋಲು ನನ್ನ ಕೈಯಲ್ಲಿ, ಆ ಕಡೆಯ ಕೋಲು ಪಾಪಾತಿಯ ಕೈಯಲ್ಲಿ, ಗೂಟದ ಹಗ್ಗ ಬಿಚ್ಚುವಾಗ ಒಂದು ಕ್ರಮ, ಒಬ್ಬರು ಬಿಟ್ಟಾಗ ಇನ್ನೊಬ್ಬರು ಹಿಡಿದಿರದಿದ್ದರೆ ಅಷ್ಟೂ ಹಾಸು ಮಣ್ಣಿಗೆ ಬಿದ್ದು ಸಿಕ್ಕಾಗುತ್ತದೆ, ಬಿಡಿಸಲು ಒಂದು ವಾರ, ಅದಕ್ಕೇ ನಾನು ಈ ಕಡೆಯಿಂದ ಕೂಗುತ್ತೇನೆ, ಹಿಡ್ಕೊಂಡ್ಯಾ, ಅವಳು ಆ ಕಡೆಯಿಂದ ಕೂಗುತ್ತಾಳೆ, ಹಿಡ್ಕೊಂಡೆ, ಬಿಡಿ. ಹಿಡ್ಕೊಂಡೆ ಅಂದರೆ ಸಾಲದು, ಬಿಡಿ ಅನ್ನುವುದು ಕೇಳಿಸಬೇಕು, ಅದು ಕೇಳಿಸದೆ ನಮ್ಮ ಬೀದಿಯಲ್ಲಿ ಯಾರೂ ಹಗ್ಗಕ್ಕೆ ಕೈ ಹಾಕುವುದಿಲ್ಲ, ಕೂಸು ಅಳಲಿ, ಹಾಲು ಉಕ್ಕಲಿ. ಆಪರೇಷನ್ ಕೋಣೆಯಲ್ಲಿ ಮುಖಕ್ಕೆ ಮುಸುಕಿಟ್ಟು ಒಂದರಿಂದ ಎಣಿಸಿ ಅಂದಾಗ ನಾನು ಎಣಿಸಲಿಲ್ಲ, ಹಿಡ್ಕೊಂಡ್ಯಾ ಅಂತ ಕೂಗಿದೆ, ನೆನಪಿದೆ, ಯಾರೂ ಏನೂ ಅನ್ನಲಿಲ್ಲ, ದೀಪ ಹೋಯಿತು. ಪೊಳ್ಳಾಚಿಯಲ್ಲಿ ಅವಳು ಎರಡು ಸಲ ಕೂಗಿದ್ದು ಏನು, ನಾಲ್ಕು ವರ್ಷದಿಂದ ಇದೇ ಯೋಚನೆ, ಅದೇ ಮಾತಾಗಿದ್ದರೆ, ಹಿಡ್ಕೊಂಡ್ರಾ ಅಂತ ಕೇಳಿದ್ದರೆ, ಈ ತುದಿಯಲ್ಲಿ ಯಾರೂ ಇರಲಿಲ್ಲ, ಈ ತುದಿಯವನು ಗೇಟಿನಾಚೆ ಸೋಡಾ ಕುಡಿಯುತ್ತಿದ್ದ. ಸಕ್ಕರೆ ಇಳಿದಾಗ ಅವಳು ಬಂದು ಬೀದಿಯ ಆ ತುದಿಯಲ್ಲಿ ನಿಲ್ಲುತ್ತಾಳೆ, ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಾಳೆ, ಕೈಯಲ್ಲಿ ಕೋಲು, ನಾನು ಕೇಳುತ್ತೇನೆ, ಅವಳು ಹಿಡ್ಕೊಂಡೆ ಅನ್ನುತ್ತಾಳೆ, ಆಮೇಲೆ ಬಾಯಿ ತೆರೆಯುತ್ತಾಳೆ, ಅಷ್ಟಕ್ಕೇ ಸಿಹಿ ಬಂದು ಎಲ್ಲ ಅಳಿಸುತ್ತದೆ. ಬಿಡಿ ಅಂತ ಅವಳು ಒಂದು ಸಲ ಅಂದುಬಿಟ್ಟರೆ ನನ್ನ ಎದೆ ಹಗುರಾಗುತ್ತದೆ, ಆಮೇಲೆ ನಾನು ತಟ್ಟೆ ಎಳೆದುಕೊಂಡು ಉಣ್ಣುತ್ತೇನೆ, ಇವತ್ತೇ ಉಣ್ಣುತ್ತೇನೆ. ಹೋದ ವಾರ ಕಲೈಸೆಲ್ವಿ ಕೇಳಿದಳು, ಮಾಮಾ, ಸಕ್ಕರೆ ಇಳಿದಾಗಲೆಲ್ಲ ನೀವು ಒಂದೇ ಮಾತು ಕೂಗುತ್ತೀರಿ, ನನ್ನನ್ನು ಬೈಯುತ್ತೀರಾ, ಏನದು. ಏನೂ ಇಲ್ಲಮ್ಮ ಅಂದೆ.

ಒಂದೂ ಮೂವತ್ತು, ಅಥವಾ ಗಡಿಯಾರದ ಮುಳ್ಳು ನಾಲ್ಕಾಗಿವೆ, ಕಿಟಕಿಯ ಸರಳು ಆರಿದ್ದವು, ಹನ್ನೆರಡಾಗಿವೆ, ಬೆವರು, ಬನಿಯನ್ನು ಒದ್ದೆ, ನಾಲಗೆ ದಪ್ಪ, ಹಸಿವು ಹೊಟ್ಟೆಯಿಂದ ಮೊಣಕಾಲಿಗೆ ಇಳಿದಿದೆ, ತಟ್ಟೆ ಎಲ್ಲಿಟ್ಟೆ, ಮಂಚದ ಕೆಳಗೆ, ಮಂಚ ಎಲ್ಲಿದೆ, ಇದೇ ಮಂಚ, ಬಗ್ಗಿದರೆ ನೋವು ಹೋಗುತ್ತದೆ, ಬಗ್ಗು, ಹಾಸಿನ ಮೇಲೆ ಬಗ್ಗು, ಗಂಜಿಯ ವಾಸನೆ, ಹುಳಿ ಗಂಜಿ, ನೆಲ ತಣ್ಣಗಿದೆ, ಮಗ್ಗದ ಗುಂಡಿಯೂ ತಣ್ಣಗೇ ಇರುತ್ತಿತ್ತು, ಬೀದಿ ಬಿಳಿ, ಈ ತುದಿಯಿಂದ ಬಿಳಿ ಎಳೆ, ಎಷ್ಟು ಉದ್ದ, ಯಾರು ಇಷ್ಟು ಉದ್ದ ಹಾಕಿದರು, ಪಾಪಾತಿ, ಅಲ್ಲಿದ್ದೀಯಾ, ಬಿಸಿಲು ಬರ್ತಾ ಇದೆ, ಬೇಗ ಸುತ್ಬೇಕು, ಕಾಣ್ತಾ ಇಲ್ಲ ನೀನು, ಕೈಯಾದ್ರೂ ಎತ್ತು, ಆ ಎತ್ತಿದಳು, ಬಳೆ ಹೊಳೀತು, ಸೋಡಾ ಕುಡಿಯಕ್ಕೆ ಹೋಗಿದ್ದೆ ಕಣೇ, ಹತ್ತೇ ನಿಮಿಷ, ಈಗ ಬಂದೆ, ಇಲ್ಲೇ ಇದ್ದೀನಿ, ಕೋಲು ಹಿಡಿದಿದ್ದೀನಿ, ನೀನು ಹಿಡ್ಕೊಂಡ್ಯಾ, ಕೇಳ್ಸಲ್ವಾ, ಹಿಡ್ಕೊಂಡ್ಯಾ, ಕತ್ತರಿ ನಿಂತಿದೆ, ಯಾವ ಕತ್ತರಿ, ಯಾರೋ ಓಡ್ತಾ ಇದ್ದಾರೆ, ಹಾಸು ತುಳೀಬೇಡಿ, ಪಕ್ಕಕ್ಕೆ, ತಟ್ಟೆ ಉರುಳಿದ ಸದ್ದು, ಮಾಮಾ ಐಯೋ ಮಾಮಾ ಉಣ್ಣಲೇ ಇಲ್ಲವಾ, ಬಾಯಿ ತೆರೆಯಿರಿ ಮಾಮಾ, ತೆರೆಯಲ್ಲ, ಹಲ್ಲು ಕಚ್ಚಿದ್ದೀನಿ, ಇನ್ನೊಂದು ಮಾತು ಇದೆ, ಪಾಪಾತಿ, ಬೇಗ ಹೇಳು, ಹಿಡ್ಕೊಂಡ್ಯಾ —

ಹಿಡ್ಕೊಂಡೇನ್ ಮಾಮಾ. ಕಿವಿಯ ಹತ್ತಿರ, ತೀರಾ ಹತ್ತಿರ, ಬೀದಿಯ ಆ ತುದಿಯಿಂದ ಅಲ್ಲ, ತಮಿಳಿನ ಬಾಲ ಅಂಟಿದ ಕನ್ನಡ, ಹಿಡ್ಕೊಂಡೇನ್, ಹಿಡ್ಕೊಂಡೇನ್ ಮಾಮಾ, ಅಳುತ್ತಾ, ಬೆರಳಿನಲ್ಲಿ ಹಲ್ಲು ಬಿಡಿಸುತ್ತಾ, ಯಾರು ಹೇಳಿಕೊಟ್ಟರು ಇವಳಿಗೆ, ನವನೀತನ್ ಇರಬೇಕು, ಚಿಕ್ಕವನಿದ್ದಾಗ ಜಗುಲಿಯ ಮೇಲೆ ಕೂತು ನಮ್ಮ ಕೂಗು ಕೇಳುತ್ತಿದ್ದ, ಮೊದಲ ಮಾತು ಅವನಿಗೆ ನೆನಪಿತ್ತು, ಎರಡನೆಯದು ಇರಲಿಲ್ಲವೋ, ಅಥವಾ ಬೇಕಂತಲೇ ಹೇಳಿಕೊಡಲಿಲ್ಲವೋ, ಬಾಯಿ ತೆರೆದಿದೆ, ನಾನೇ ತೆರೆದೆನಾ, ಸಿಹಿ, ನಾಲಗೆಯ ಮೇಲೆ ಸಿಹಿ, ಬೀದಿಯ ಆ ತುದಿಯಲ್ಲಿ ಪಾಪಾತಿ ಮಸುಕಾಗುತ್ತಿದ್ದಾಳೆ, ಇಲ್ಲಿ ಇನ್ನೊಂದು ಕೈ ಕೋಲಿನ ಮೇಲೆ, ಪಿಸಿರಿನ ನೂಲು ಅಂಟಿದ ಕೈ, ಬಿಗಿಯಾಗಿ ಹಿಡಿದಿದೆ, ಹಿಡ್ಕೊಂಡೇನ್ ಅನ್ನುತ್ತಿದೆ, ಅಷ್ಟನ್ನೇ ಅನ್ನುತ್ತಿದೆ, ನಾನು ಕಾಯುತ್ತಿದ್ದೇನೆ, ಬಿಳಿ ಹಾಸು ಇನ್ನೂ ನೆಲ ಮುಟ್ಟಿಲ್ಲ, ಬಿಡಿ ಅಂತ ಯಾರೂ ಅಂದಿಲ್ಲ, ಅನ್ನದೆ ಬಿಡುವ ಹಾಗಿಲ್ಲ, ಹಿಡಿದಿದ್ದೇನೆ, ಬಿಳಿ ಹಾಸು, ಆ ಕೈ, ಬಿಳಿ ಹಾಸು